ಪುಟ್ಟೀ, ಸೀಟು ಮಾತ್ರ ಬಿಡಬೇಡ

ಪುಟ್ಟೀ,

ನಿನ್ನೆ ಫೋನಲ್ಲಿ ನಿನ್ನ ಮಾತು ಮುಗಿಯೋಕೆ ಮುಂಚೆ ರೇಗಿಬಿಟ್ಟೆ. ಬೇಜಾರು ಮಾಡ್ಕೋಬೇಡ. ಹೌದು, ಫೌಂಡ್ರಿಯಲ್ಲಿ ಕೆಲಸದಿಂದ ತೆಗೆಯುವವರ ಲಿಸ್ಟಲ್ಲಿ ನನ್ನ ಹೆಸರೂ ಇದೆ. ಮೂರು ಶಿಫ್ಟ್ ಹೋಗಿ ಇನ್ನು ಒಂದೇ. ನಾವು ಜಾಸ್ತಿ ಎರಕ ಹೊಯ್ಯುತ್ತಿದ್ದದ್ದು ಗಾಡಿ ಎಂಜಿನ್‌ನ ಸಿಲಿಂಡರ್ ಬ್ಲಾಕ್. ಕರೆಂಟ್ ಗಾಡಿಗೆ ಅದು ಬೇಕಾಗೋದೇ ಇಲ್ಲ. ಆರ್ಡರ್ ಇಳಿಯಿತು, ಅಷ್ಟೇ.

ಅದಕ್ಕೆ ನೀನು ಸುರತ್ಕಲ್‌ನ ಕಾಲೇಜು ಸೀಟು ಬಿಟ್ಟು ಬೆಂಗಳೂರಲ್ಲಿ ಯಾವುದೋ ಕೆಲಸಕ್ಕೆ ಸೇರ್ತೀನಿ ಅನ್ನೋದಾ?

ರಾತ್ರಿಯೆಲ್ಲ, ನೀನು ಚಿಕ್ಕವಳಿದ್ದಾಗ ಫೌಂಡ್ರಿಗೆ ಬಂದಿದ್ದ ಆ ಆಯುಧಪೂಜೆಯೇ ತಲೆಯಲ್ಲಿ ಸುತ್ತುತ್ತಿತ್ತು. ಪೂಜೆ ಮುಗಿಸಿ ಒಂದು ಹೀಟ್, ಅಂದರೆ ಒಂದು ಸಲ ಕರಗಿಸಿದ ಲೋಹ, ತೆಗೆದಿದ್ದೆವು. ಬೇರೆ ಮಕ್ಕಳು ಕಿಡಿ ನೋಡಿ ಓಡಿದರು. ನೀನು ನನ್ನ ಏಪ್ರನ್ ಹಿಡಿದು ನಿಂತೇ ಇದ್ದೆ. ಲ್ಯಾಡಲ್ ಪಾತ್ರೆಯಲ್ಲಿ ಲೋಹದ ಮೇಲೆ ತೇಲುತ್ತಿದ್ದ ಕಸ, ಆ ಕಿಟ್ಟ, ಸರಿಸಿದಾಗ ಕೆಳಗಿನ ಲೋಹ ಬಿಳಿಯಾಗಿ ಹೊಳೆಯಿತು. "ಕಿಟ್ಟ ಯಾಕೆ ತೇಲುತ್ತೆ ಅಪ್ಪಾ?" ಅಂದೆ. ಹಗುರ ಇರುತ್ತಲ್ಲ ಅಂದೆ ನಾನು. "ಯಾಕೆ ಹಗುರ? ಎಲ್ಲಿಂದ ಬಂತು?" ನನಗೆ ಗೊತ್ತಿರಲಿಲ್ಲ. ಲ್ಯಾಬಿನ ಎಂಜಿನಿಯರ್‌ನ ಕರೆದೆ. ಮರಳು, ತುಕ್ಕು, ಸುಣ್ಣಕಲ್ಲು ಅಂತ ಅವರು ಹೇಳುತ್ತಾ ಹೋದರು. ನೀನು ಬಿಡಲಿಲ್ಲ. ಬಸ್ಸಲ್ಲೂ ಅದೇ. ಊಟಕ್ಕೆ ಕೂತಾಗಲೂ ಅದೇ. ಹೋದ ರಜೆಯಲ್ಲಿ ಕ್ಯಾಲೆಂಡರ್ ಹಿಂಭಾಗದಲ್ಲಿ ಚಿತ್ರ ಬರೆದು ಅದನ್ನೇ ನನಗೆ ವಿವರಿಸಿದೆ. ಅರ್ಧ ಅರ್ಥವಾಯಿತು. ಆ ಹಾಳೆ ನನ್ನ ಹತ್ತಿರವೇ ಇದೆ.

1923ರಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದ ಭದ್ರಾವತಿ ಕಾರ್ಖಾನೆಯನ್ನೇ 2023ರಲ್ಲಿ ಮುಚ್ಚುತ್ತೇವೆ ಅಂದರು. ವಿಶ್ವೇಶ್ವರಯ್ಯನವರು ಕಟ್ಟಿ ಬೆಳೆಸಿದ್ದು! ಹಾಗಿರುವಾಗ ನಮ್ಮ ಫೌಂಡ್ರಿ ಯಾವ ಲೆಕ್ಕ? ನಾನು ಕಲಿತದ್ದು ಒಂದು ಫರ್ನೇಸ್ ಮುಂದೆ ನಿಂತು. ಬೇರೆ ಕಡೆ ಹೋದರೆ ಸರ್ಟಿಫಿಕೇಟ್ ಕೇಳ್ತಾರೆ, ನನ್ನ ಹತ್ತಿರ ಇಲ್ಲ. ನಿನ್ನ ಹತ್ತಿರ ಇರಬೇಕು. ಅದಕ್ಕೇ ಇಷ್ಟು ಹೇಳ್ತಿರೋದು.

ಗ್ರಾಚ್ಯುಟಿ ಬರುತ್ತೆ. ವರ್ಷಕ್ಕೆ ಹದಿನೈದು ದಿನದ ಸಂಬಳದ ಲೆಕ್ಕ. ಪಿಎಫ್ ಬೇರೆ ಇದೆ. ಪರಿಹಾರದ ಬಗ್ಗೆ ಯೂನಿಯನ್‌ನವರು ಮಾತಾಡ್ತಿದ್ದಾರೆ. ನಿನ್ನ ಓದಿಗೆ ಸಾಕು. ನಿಮ್ಮಮ್ಮನ ಬಳೆಗೆ ಕೈ ಹಾಕುವ ಪ್ರಸಂಗ ಇಲ್ಲ. ಫೋನಿನ ಆ್ಯಪ್‌ಗಳಲ್ಲಿ ಸಾಲ ಮಾತ್ರ ತಗೋಬೇಡ. ಊಟ ಬಿಟ್ಟು ದುಡ್ಡು ಉಳಿಸಬೇಡ. ಸ್ಕಾಲರ್‌ಶಿಪ್ ಅರ್ಜಿ ಕಡೇ ದಿನದವರೆಗೆ ತಳ್ಳಬೇಡ. ಟೆಸ್ಟ್ ತಪ್ಪಿಸಬೇಡ. ಪಾಠ ಜಾಸ್ತಿ ಆಯ್ತು, ಗೊತ್ತು.

ನನ್ನ ನಿದ್ದೆ, ಬಿಪಿ ಬಗ್ಗೆ ಅಮ್ಮ ಏನೋ ಹೇಳಿರ್ತಾಳೆ. ಮಾತ್ರೆ ತಗೋತಿದ್ದೀನಿ. ಸೋಮವಾರ ಫೀಸ್ ದುಡ್ಡು ನಿನ್ನ ಖಾತೆಗೆ ಹಾಕ್ತೀನಿ. ಅವತ್ತೇ ಕಟ್ಟಿ ರಸೀದಿ ವಾಟ್ಸಾಪ್ ಮಾಡು.

ನಿನ್ನ ಅಪ್ಪ