ದರಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿ ಹಾಕಿಸಿ

ಬೃಹನ್ಮುಂಬೈ ಮಹಾನಗರ ಪಾಲಿಕೆಯ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಇದರ ಮರಾಠಿ ಪ್ರತಿ ಟಪಾಲಿನಲ್ಲಿ ನಿಮ್ಮ ಕಚೇರಿಗೆ ಹೋಗಿದೆ. ಕನ್ನಡದ್ದು ಮಾಟುಂಗಾದಿಂದ ಮುಲುಂಡ್‌ವರೆಗಿನ ನಮ್ಮ ಬಸುರಿಯರು ಓದಲಿ ಎಂದು.

ನರ್ಸಿಂಗ್ ಹೋಮ್‌ಗಳು ದರಪಟ್ಟಿಯನ್ನೂ ರೋಗಿಗಳ ಹಕ್ಕುಗಳ ಪಟ್ಟಿಯನ್ನೂ ಗೋಡೆಗೆ ಹಾಕಬೇಕೆಂದು ಮಹಾರಾಷ್ಟ್ರದ ನರ್ಸಿಂಗ್ ಹೋಮ್ ನೋಂದಣಿಯ 2021ರ ತಿದ್ದುಪಡಿ ನಿಯಮಗಳು ಹೇಳುತ್ತವೆ, ನಿಮಗೆ ಗೊತ್ತಿರುವುದೇ. ಹಾಗಾಗಿ ಸಿಸೇರಿಯನ್‌ಗೆ ಎಷ್ಟು, ಎಸಿ ರೂಮಿಗೆ ಎಷ್ಟು ಎಂಬುದು ಮೊದಲೇ ತಿಳಿಯುತ್ತದೆ. ಹುಟ್ಟಿದ ಮಗು ರಾತ್ರಿ ಯಾರ ಪಕ್ಕ ಮಲಗುತ್ತದೆ ಎನ್ನುವುದು ಮಾತ್ರ ಹೆರಿಗೆ ಆದಮೇಲೇ ತಿಳಿಯುವುದು. ಅದನ್ನೂ ಗೋಡೆಯ ಮೇಲೆ ಬರೆಸಿ. ನಾವು ಕೇಳುತ್ತಿರುವುದು ಇಷ್ಟೇ.

ಒಂದು ಚೀಟಿಯ ಕತೆ ಹೇಳಿಬಿಡುತ್ತೇವೆ. ಪೂರ್ವ ಉಪನಗರದ ಒಂದು ನರ್ಸಿಂಗ್ ಹೋಮ್ ಎಂಟು ತಿಂಗಳ ಬಸುರಿಗೆ ಕೊಟ್ಟ, ಅಡ್ಮಿಟ್ ಆಗುವಾಗ ತರಬೇಕಾದ ಸಾಮಾನಿನ ಚೀಟಿ. ಪ್ಯಾಡ್ ಎರಡು ಪ್ಯಾಕೆಟ್, ಹಳೆ ಕಾಟನ್ ಬಟ್ಟೆ, ಟೋಪಿ, ಕಾಲುಚೀಲ. ಐದನೆಯದು ಹಾಲಿನ ಪುಡಿಯ ಡಬ್ಬಿ ಒಂದು, ಕಂಪನಿಯ ಹೆಸರಿನ ಸಮೇತ. ಆರನೆಯದು ಬಾಟಲಿ. ಮಗು ಇನ್ನೂ ಹೊಟ್ಟೆಯಲ್ಲೇ ಇದೆ, ತಾಯಿಗೆ ಹಾಲಿಲ್ಲ ಎಂದು ಆಸ್ಪತ್ರೆ ಆಗಲೇ ತೀರ್ಮಾನಿಸಿತ್ತು.

ಮುಂದಿನದು ಚೀಟಿಯ ಪ್ರಕಾರವೇ ನಡೆಯಿತು. ಸಿಸೇರಿಯನ್, ಬೆನ್ನಿಗೆ ಅರಿವಳಿಕೆ, ತಾಯಿ ಪೂರ್ತಿ ಎಚ್ಚರ. 2.9 ಕಿಲೋದ ಗಟ್ಟಿ ಮಗುವನ್ನು ತೋರಿಸಿ ನರ್ಸರಿಗೆ ಒಯ್ದರು. ಮೊದಲ ದಿನ ಒಂದು ಸಲಕ್ಕೆ 2ರಿಂದ 10 ಮಿ.ಲೀ. ಗಿಣ್ಣು ಹಾಲು ಸಾಕಾಗುವ ಕೂಸಿಗೆ ಬಾಟಲಿಯಲ್ಲಿ 30 ಮಿ.ಲೀ. ಕುಡಿಸಿದರು. ಹೊಟ್ಟೆ ಬಿರಿಯುವಷ್ಟು ಕುಡಿದ ಕೂಸು ನಾಲ್ಕು ಗಂಟೆ ಏಳಲಿಲ್ಲ. ದಿನಕ್ಕೆ 8ರಿಂದ 12 ಸಲ ಚೀಪಿದರೆ ಹಾಲು ಇಳಿಯುತ್ತದೆ. ಚೀಪುವವರೇ ಇಲ್ಲದಿದ್ದರೆ ಎದೆಗೆ ಹಾಲು ಬೇಕೆಂದು ತಿಳಿಯುವುದು ಹೇಗೆ? ಮೂರನೆಯ ದಿನ ತೂಕ 2.71 ಕಿಲೋ. ಆರೂವರೆ ಶೇಕಡಾ ಇಳಿದಿದೆ ಅಷ್ಟೇ. ಮೊದಲ ದಿನಗಳಲ್ಲಿ ಏಳು ಶೇಕಡಾದವರೆಗೆ ಇಳಿಯುವುದು ಸಾಮಾನ್ಯ, ಹತ್ತು ಮುಟ್ಟಿದರೆ ಕಾಳಜಿಯಿಂದ ನೋಡಬೇಕು. ಆಯಾಬಾಯಿ ಮಾತ್ರ ‘ದೂಧ್ ಯೇತ್ ನಾಹೀ’ (ಹಾಲು ಬರುತ್ತಿಲ್ಲ) ಎಂದಳು, ಬಾಣಂತನಕ್ಕೆಂದು ಊರಿಂದ ಬಂದ ಅಮ್ಮ ಹೆದರಿದರು. ನಾಲ್ಕನೆಯ ದಿನ ಹಾಲು ಇಳಿದು ಎದೆ ಕಲ್ಲಿನಂತಾಯಿತು. ಬಾಟಲಿಯ ನಿಪ್ಪಲ್‌ಗೆ ಒಗ್ಗಿದ ಮಗು ಎದೆ ಕಚ್ಚಲಿಲ್ಲ. ಬಿಲ್ಲಿನಲ್ಲಿ ‘ನರ್ಸರಿ ಚಾರ್ಜ್’ ಮೂರು ದಿನದ್ದು. ಆರೋಗ್ಯವಾಗಿರುವ ಮಗುವನ್ನು ತಾಯಿಯಿಂದ ದೂರ ಇಟ್ಟದ್ದಕ್ಕೆ ಬಾಡಿಗೆ!

1992ರ ಕಾಯ್ದೆ ಡಬ್ಬಿ ಹಾಲಿನ ಪ್ರಚಾರಕ್ಕೆ ಆಸ್ಪತ್ರೆಯನ್ನು ಬಳಸಕೂಡದು ಎನ್ನುತ್ತದೆ, 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಲಾಯಿತು. ನಿಮಗೆ ನಾವು ಕಾಯ್ದೆ ಓದಿ ಹೇಳಬೇಕೇ? ಆಸ್ಪತ್ರೆಯದೇ ಚೀಟಿಯಲ್ಲಿ ಕಂಪನಿಯ ಹೆಸರು ಅಚ್ಚಾಗಿದ್ದರೆ ಅದಕ್ಕಿಂತ ದೊಡ್ಡ ಜಾಹೀರಾತು ಯಾವುದು?

ಡಬ್ಬಿ ಹಾಲು ವಿಷವೆಂದು ನಾವು ಹೇಳುತ್ತಿಲ್ಲ. ರಕ್ತದ ಸಕ್ಕರೆ ಇಳಿದ ಮಗುವಿಗೆ, ತಾಯಿ ಐಸಿಯುನಲ್ಲಿರುವಾಗ ಬೇಕಾಗಬಹುದು. ಎಲ್ಲ ತಿಳಿದೂ ಎದೆಹಾಲು ಕೊಡುವುದು ಬೇಡವೆನ್ನುವ ತಾಯಿಯೂ ಇರುತ್ತಾಳೆ, ಅದು ಅವಳ ಇಷ್ಟ. ಆದರೆ ಕೊಟ್ಟ ಪ್ರತಿ ಸಲವೂ ಕಾರಣ, ಪ್ರಮಾಣ, ಹೇಳಿದ ಡಾಕ್ಟರ ಸಹಿ ಕೇಸ್ ಪೇಪರಿನಲ್ಲಿ ಇರಲಿ. ಒಂದು ಪ್ಯಾರಾಸಿಟಮಾಲ್‌ಗೂ ಇರುತ್ತದಲ್ಲ.

ಗೋಡೆಯ ಮೇಲೆ ಏನು ಬರೆಸಬೇಕೆಂದೂ ಹೇಳುತ್ತೇವೆ. ಸಹಜ ಹೆರಿಗೆಯಾಗಲಿ, ಎಚ್ಚರವಿರುವ ಸಿಸೇರಿಯನ್ ಆಗಲಿ, ಒಂದು ಗಂಟೆಯೊಳಗೆ ಮಗುವನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಹಾಕುತ್ತೀರಾ? 24 ಗಂಟೆಯೂ ಒಂದೇ ಕೋಣೆಯಲ್ಲಿ ಇರಿಸುತ್ತೀರಾ? ಎದೆಗೆ ಹಚ್ಚಲು ಕೂತು ಕಲಿಸುವವರು ರಾತ್ರಿ ಪಾಳಿಯಲ್ಲಿ ಇದ್ದಾರಾ? ರಾತ್ರಿ ಪಾಳಿ ಎಂದು ಒತ್ತಿ ಹೇಳುತ್ತಿದ್ದೇವೆ, ಬಾಟಲಿ ಬರುವುದು ಹೆಚ್ಚಾಗಿ ನಡುರಾತ್ರಿಯಲ್ಲೇ. ಮಗು ಎನ್‌ಐಸಿಯುಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ) ಹೋದರೆ ಆರು ಗಂಟೆಯೊಳಗೆ ತಾಯಿಗೆ ಕೈಯಿಂದ ಹಾಲು ಹಿಂಡುವುದನ್ನು ಕಲಿಸುತ್ತೀರಾ, ಆ ಹಾಲನ್ನು ವಾಟಿ-ಚಮಚದಲ್ಲಿ ಅಥವಾ ಟ್ಯೂಬಿನಲ್ಲಿ ಮಗುವಿಗೆ ಮುಟ್ಟಿಸುತ್ತೀರಾ? ಉತ್ತರ ‘ಇಲ್ಲ’ ಎಂದಾದರೆ ‘ಇಲ್ಲ’ ಎಂದೇ ಬರೆಸಿ. ಬಸುರಿ ಏಳನೇ ತಿಂಗಳಲ್ಲೇ ಬೇರೆ ಆಸ್ಪತ್ರೆ ನೋಡಿಕೊಳ್ಳುತ್ತಾಳೆ.

ಎದೆಹಾಲಿಗೆ ಒತ್ತಾಸೆ ಕೊಡುವ ಆಸ್ಪತ್ರೆಗಳಿಗೆ ಸಿಗುವ ‘ಶಿಶುಸ್ನೇಹಿ’ ಎಂಬ ಹಳೆಯ ಫಲಕ ಬಾಗಿಲಲ್ಲಿ ಇದ್ದರೆ ಸಾಲದು. ಬಣ್ಣ ಮಾಸಿದ ಫಲಕದ ಕೆಳಗೇ ಬಾಟಲಿ ಕುದಿಸುವ ಪಾತ್ರೆ ಇಟ್ಟದ್ದನ್ನು ಕಂಡಿದ್ದೇವೆ.

ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ 1989ರಲ್ಲಿ ಶುರುವಾದದ್ದು ನಿಮ್ಮದೇ ಪಾಲಿಕೆಯ ಸಾಯನ್ ಆಸ್ಪತ್ರೆಯಲ್ಲಿ, ಡಾ. ಆರ್ಮಿಡಾ ಫರ್ನಾಂಡಿಸ್ ಅವರ ಮುಂದಾಳತ್ವದಲ್ಲಿ. ತಾಯಿ ಕೊಟ್ಟ ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ತಣಿಸಿ, ಪರೀಕ್ಷಿಸಿ, ತಿಂಗಳು ತುಂಬದ ಕೂಸುಗಳಿಗೆ ಕೊಡುವ ವಿದ್ಯೆ ಈ ಊರಿಗೆ ಗೊತ್ತು. ಅದೇ ಊರಿನಲ್ಲಿ ಸ್ವಂತ ತಾಯಿಯ ಹಾಲು ಸ್ವಂತ ಮಗುವಿಗೆ ಸಿಗಲು ಶಿಫಾರಸು ಬೇಕಾಗಿದೆ.

ಆಗಸ್ಟ್ 1ರಿಂದ 7ರವರೆಗೆ ಮತ್ತೆ ಸ್ತನ್ಯಪಾನ ಸಪ್ತಾಹ ಬರುತ್ತದೆ. ಬಲೂನು, ರಂಗೋಲಿ, ಸೆಲ್ಫಿ ಸ್ಟ್ಯಾಂಡ್ ಎಲ್ಲ ಇರಲಿ, ನಮ್ಮದೇನೂ ತಕರಾರಿಲ್ಲ. ಅದಕ್ಕೆ ಮೊದಲು ಒಂದು ಸುತ್ತೋಲೆ ಹೊರಡಿಸಿ: ಪ್ರತಿ ಹೆರಿಗೆ ಆಸ್ಪತ್ರೆಯೂ ಈ ನಾಲ್ಕು ಉತ್ತರಗಳನ್ನು ಮರಾಠಿಯಲ್ಲಿ, ದೊಡ್ಡ ಅಕ್ಷರದಲ್ಲಿ, ದರಪಟ್ಟಿಯ ಪಕ್ಕದಲ್ಲಿ ಹಾಕಬೇಕು, ಅಡ್ಮಿಷನ್ ಚೀಟಿಯಲ್ಲಿ ಡಬ್ಬಿ-ಬಾಟಲಿ ಕಂಡರೆ ನೋಂದಣಿ ನವೀಕರಣದ ಹೊತ್ತಿಗೆ ವಿವರಣೆ ಕೊಡಬೇಕು. ಆ ಚೀಟಿಯ ನಕಲು ಮರಾಠಿ ಪ್ರತಿಯ ಜೊತೆಗಿದೆ. ಐದನೆಯ ಸಾಲು ನೋಡಿ.

ಇಂತಿ,
ಮುಂಬೈಯ ಕನ್ನಡ ಬಾಣಂತಿಯರ ಜೊತೆ ಕೆಲಸ ಮಾಡುವ ಹಾಲೂಡಿಕೆ ಸಲಹೆಗಾರ್ತಿಯರು