ತರಗು ಬೆಂಕಿಯ ಲೆಕ್ಕ ಕಲಿಸಿದವರಿಗೆ ನಮಸ್ಕಾರ

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ಬಾಯಲ್ಲೇ ಉಳಿದಿದ್ದ ಕಾಡಿನ ತಿಳಿವನ್ನು ಬರೆದುಕೊಳ್ಳುವ ಕೆಲಸ ಒಂದು ಹಂತಕ್ಕೆ ಬಂತು. ಪೋಡುಗಳ (ಸೋಲಿಗರ ಹಾಡಿಗಳ) ಅಜ್ಜ ಅಜ್ಜಿಯರಿಗೆ, ಹಾಡನ್ನು ನಡುವೆ ನಿಲ್ಲಿಸಿ ಒಂದೊಂದು ಗಿಡದ ಹೆಸರನ್ನೂ ಬಿಡಿಸಿ ಹೇಳಿದ ಅಕ್ಕಂದಿರಿಗೆ ಕೈಮುಗಿಯುತ್ತೇವೆ.

ದೊಡ್ಡ ಋಣ ತರಗು ಬೆಂಕಿಯದು, ಅಂದರೆ ಕಾಡಿನ ನೆಲದ ಒಣ ಎಲೆಗೆ ಸೋಲಿಗರು ಹಚ್ಚುತ್ತಿದ್ದ ಬೆಂಕಿಯದು. 'ಸೋಲಿಗರು ಕಾಡಿಗೆ ಬೆಂಕಿ ಇಡುತ್ತಿದ್ದರು' ಎಂದಷ್ಟೇ ಬರೆದರೆ ಅದು ಅರ್ಧ ಸುಳ್ಳು. ಯಾವ ತಿಂಗಳು ಅಂತ ಬರೀರಿ ಎಂದಿರಿ. ಜನವರಿ, ಫೆಬ್ರುವರಿಯಲ್ಲಿ ತರಗು ತೆಳ್ಳಗಿದ್ದು ನೆಲದಲ್ಲಿ ತೇವ ಆರದಿರುವಾಗ ಹಚ್ಚಿದ ಬೆಂಕಿ ಗಿಡ್ಡಕ್ಕೆ, ಬೇಗ ಸರಿದುಹೋಗುತ್ತದೆ. ಹುಲ್ಲಿನ ಬೇರು ಉಳಿಯುತ್ತದೆ, ಹೊರಗಿಂದ ಬಂದ ಪೊದೆಗಳೆ ಲಂಟಾನದ ಎಳೆ ಸಸಿ ಸುಡುತ್ತದೆ. 1974ರಲ್ಲಿ ಅಭಯಾರಣ್ಯವಾದ ಮೇಲೆ ಈ ರೂಢಿ ನಿಂತಿತು, ಲಂಟಾನ ಆಳೆತ್ತರ ಎದ್ದಿತು. ಈಗ ಏಪ್ರಿಲ್ ಬಿಸಿಲಲ್ಲಿ ಕಿಡಿ ಬಿದ್ದರೆ ಬೆಂಕಿ ಆ ಪೊದೆ ಹಿಡಿದು ಮರದ ನೆತ್ತಿಗೇ ಏರುತ್ತದೆ. ಹಾಗಾಗಿ ಹಳೇ ಬೆಂಕಿಯನ್ನು ಇವತ್ತು ಇದ್ದಹಾಗೇ ಹಚ್ಚುವಂತಿಲ್ಲ. ಮೊದಲು ಲಂಟಾನ ಹೋಗಬೇಕು, ಅದೂ ಬುಡದ ಬೊಡ್ಡೆ ಸಮೇತ. ಮೇಲೆ ಸವರಿದರೆ ಮೊದಲ ಮಳೆಗೇ ಮತ್ತೆ ಚಿಗುರು.

ನೆಲ್ಲಿ ಮರದ ಉಪ್ಪಿಲಿನ (ಬಂದಳಿಕೆಯ) ವಿಷಯದಲ್ಲೂ ನಮ್ಮ ಟಿಪ್ಪಣಿ ತಿದ್ದಿಸಿಕೊಂಡೆವು. ಹಕ್ಕಿ ಕೊಂಬೆಗೆ ಒರೆಸಿಹೋದ ಅಂಟುಬೀಜ ಮೊಳೆತು, ತೊಗಟೆಯೊಳಗೆ ಬೇರಿಳಿಸಿ ಮರದ ನೀರನ್ನೇ ಕುಡಿಯುತ್ತದೆ. ಉಪ್ಪಿಲಿನ ಎಲೆ, ಕಡ್ಡಿ ಕಿತ್ತರೆ ಒಳಗಿನ ಬೇರು ಮತ್ತೆ ಚಿಗುರುತ್ತದೆ. ಅಂಟಿದ ಜಾಗಕ್ಕಿಂತ ಕೆಳಗೆ, ಮರದ ಕಡೆಗೆ ಕೊಂಬೆ ಕತ್ತರಿಸಬೇಕು; ಅದರ ಹಣ್ಣು ಮಾಗುವ ಮೊದಲೇ. ಉಪ್ಪಿಲು ಕಾಂಡಕ್ಕೇ ಹತ್ತಿದ್ದರೆ ಈ ಉಪಾಯವಿಲ್ಲ.

ಜೇನಿನ ಬಗ್ಗೆ ಎರಡೇ ಮಾತು. ಹೆಜ್ಜೇನಿನ ಹಲ್ಲೆಯಲ್ಲಿ (ಮೇಣದ ಗೂಡಿನಲ್ಲಿ) ಜೇನುತುಪ್ಪ ಇರುವುದು ಕೊಂಬೆಗೆ ಅಂಟಿದ ಮೇಲಿನ ಮೂಲೆಯಲ್ಲಿ, ಮರಿ ಕೆಳಗೆ. ತುಪ್ಪದ ಭಾಗವನ್ನು ಬೇರೆಯಾಗಿ ಕೊಯ್ದು ಬಟ್ಟೆಯಲ್ಲಿ ತಾನಾಗಿ ಸೋರಲು ಬಿಡಬೇಕು. ಮರಿ ಸಮೇತ ಹಿಂಡಿದರೆ ಮರಿಯ ರಸ, ಪರಾಗ ಬೆರೆತು ಬೇಗ ಹುಳಿಯುತ್ತದೆ. (ಪೇಟೆಯಲ್ಲಿ 'ಕಾಡು ಜೇನು ಕೆಟ್ಟಿತು' ಎನ್ನುವವರು ಹಿಂಡಿದ ಕೈಯನ್ನು ವಿಚಾರಿಸಲಿ.)

ದೇವರು, ಮಾರಮ್ಮ, ವೀರು (ಒಂದು ದೈವ), ಕಲ್ಲುಗುಡಿ (ಸತ್ತವರ ಕಲ್ಲು), ಅಬ್ಬಿ (ನೀರಿನ ತಾಣ) ಎಂದು ಎಲ್ಲೆಯ, ಅಂದರೆ ಒಂದೊಂದು ಕುಲದ ಪವಿತ್ರ ನೆಲದ, ಗುರುತುಗಳನ್ನು ನಡೆದು ತೋರಿಸಿದ ಹುಡುಗರಿಗೂ ಥ್ಯಾಂಕ್ಸ್. 2011ರಲ್ಲಿ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದ ಕಾಡಿದು. ಯಾವ ಗುರುತನ್ನು ಹೊರಗಿನವರಿಗೆ ತೋರಿಸಬೇಕು, ಯಾವುದು ಬೇಡ ಎಂಬುದನ್ನು ನೀವೇ ಹೇಳಿ. ಬರೆದ ಪ್ರತಿ ಪೋಡುಗಳಿಗೆ ಕಳಿಸುತ್ತಿದ್ದೇವೆ. ಹೆಸರು, ತಿಂಗಳು ತಪ್ಪಿದ್ದರೆ ಜೇನಿನ ಕಾಲಕ್ಕೆ ಮುಂಚೆ ಗೀಟು ಹಾಕಿ ವಾಪಸ್ ಕೊಡಿ.