ಸುಂಕ ತೆಗೆದರೆ ಸಾಲದು

ಸಂಪಾದಕರೇ,

ಶ್ವಾಸಕೋಶದ ಕ್ಯಾನ್ಸರ್ ಮೂರನೇ ಹಂತ ಅಂದ ಕೂಡಲೇ ನಮ್ಮ ಕೋಲಾರದ ಕಡೆ ಜನ ಕೈಚೆಲ್ಲುತ್ತಾರೆ. ಆಪರೇಷನ್ ಆಗದವರಿಗೆ ಕೀಮೋ, ರೇಡಿಯೇಷನ್ ಒಟ್ಟಿಗೆ ಕೊಟ್ಟು, ರೋಗ ಹೆಚ್ಚಾಗದವರಿಗೆ ಡುರ್ವಾಲುಮಾಬ್ ಎಂಬ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯೇ ಕ್ಯಾನ್ಸರ್ ವಿರುದ್ಧ ಹೋರಾಡುವಂತೆ ಮಾಡುವ) ಔಷಧಿಯನ್ನು ಒಂದು ವರ್ಷದವರೆಗೆ ಡ್ರಿಪ್‌ನಲ್ಲಿ ಕೊಟ್ಟು ನೋಡಿದ ‘ಪೆಸಿಫಿಕ್’ ಎಂಬ ಹೆಸರಿನ ಅಧ್ಯಯನದಲ್ಲಿ ಐದು ವರ್ಷ ಬದುಕಿದ್ದವರು ನೂರಕ್ಕೆ ಸುಮಾರು 43, ಔಷಧಿ ಸಿಗದವರಲ್ಲಿ 33. ಇದು ಸಣ್ಣ ವಿಷಯ ಅಲ್ಲ, ಅಲ್ವಾ? ಎಲ್ಲರಿಗೂ ಒಗ್ಗಲ್ಲ, ಕೆಲವರಿಗೆ ಶ್ವಾಸಕೋಶ ಊದಿಕೊಂಡು ಕೆಮ್ಮು, ಉಬ್ಬಸ ಜಾಸ್ತಿಯಾಗುತ್ತದೆ, ನಿಜ.

2024ರ ಕೇಂದ್ರ ಬಜೆಟ್‌ನಲ್ಲಿ ಈ ಔಷಧಿಯ ಕಸ್ಟಮ್ಸ್ ಸುಂಕ ತೆಗೆದರು, ಒಳ್ಳೇದೇ. ಆದರೂ ಟೊಮೆಟೊ ಮಂಡಿಯಲ್ಲಿ ಕ್ರೇಟ್ ಹೊರುವ ನಮ್ಮ ಭಾವನಂಥವರಿಗೆ ಬೆಲೆ ಎಟುಕಲ್ಲ. ಬೆಲೆ ಕೇಳಿದ ಅಕ್ಕ ಸ್ಕ್ಯಾನ್ ಕವರ್ ಮಡಿಚಿಟ್ಟು ಸುಮ್ನೆ ಎದ್ದು ಬಂದಳು. ಸರ್ಕಾರ ಈ ಔಷಧಿಯ ಪೂರ್ತಿ ಖರ್ಚು ಭರಿಸಲಿ, ಡ್ರಿಪ್ ಹಾಕುವ ವ್ಯವಸ್ಥೆಯನ್ನಾದರೂ ಜಿಲ್ಲಾಸ್ಪತ್ರೆಯಲ್ಲೇ ಮಾಡಲಿ.

— ಒಬ್ಬ ಓದುಗ, ಕೋಲಾರ